‘ನೆರೆಹೊರೆಯ ಶಾಲೆ’: ಮನೆ ಬದಲಿಸಿದವರ ಮಕ್ಕಳ ಅಧಿಕಾರವಿಚಾರ

2009ನೆಯ ಇಸವಿಯ ಶಿಕ್ಷಣ ಹಕ್ಕು ಕಾಯಿದೆಯ 3ನೆಯ ಪ್ರಕರಣವು 6ರಿಂದ 14 ವರ್ಷದ ಪ್ರತಿಯೊಂದು ಮಗುವಿಗೂ ‘ನೆರೆಹೊರೆಯ ಶಾಲೆ’ಯಲ್ಲಿ ಉಚಿತವಾಗಿ ವಿದ್ಯೆ ಪಡೆಯುವ ಅಧಿಕಾರವನ್ನು ಕೊಟ್ಟಿರುವುದು. ನೆರೆಹೊರೆಯೆಂದರೆ ಎಷ್ಟು ದೂರವೆಂಬುದನ್ನು ಕಾಯಿದೆಯು ತಾನು ಹೇಳದೆ ನಿಯಮಗಳಿಗೆ ಬಿಟ್ಟಿದೆ. ಕೇಂದ್ರದ 2010ರ ನಿಯಮಗಳಂತೆ ಅದು 5ನೆಯ ತರಗತಿಯವರೆಗೆ ನಡೆದುಹೋಗಬಹುದಾದ 1 ಕಿಲೋಮೀಟರು, ಮುಂದೆ 8ನೆಯ ತರಗತಿಯವರೆಗೆ 3 ಕಿಲೋಮೀಟರು. ಹೀಗಿರಲು, ಮನೆ ಬದಲಾದೊಡನೆ ಮಗುವಿನ ಅಧಿಕಾರವೂ ಬದಲಾಗುವುದೇ ಎಂಬ ಸಂಶಯವು ಉಪಾಧ್ಯಾಯರಿಗೆ ಉಂಟಾಗುವುದು ಸಹಜವೇ ಆಗಿದೆ.

ಇಲ್ಲಿ ಮೊದಲು ವಿಚಾರಣೀಯವಾದುದು, ಈ ದೂರವು ಯಾರನ್ನು ಕಟ್ಟುತ್ತದೆಂಬುದು. 6ನೆಯ ಪ್ರಕರಣದಂತೆ ಆ ಮಿತಿಯೊಳಗೆ ಶಾಲೆಯಿಲ್ಲದಿದ್ದರೆ ಅದನ್ನು ಸ್ಥಾಪಿಸತಕ್ಕವರು ಸರ್ಕಾರದವರೂ ಸ್ಥಳೀಯ ಪ್ರಾಧಿಕಾರದವರೂ. ವಿಧಿಯು ಹೊರಟಿರುವುದು ಅವರನ್ನು ಕುರಿತು. ಮಗುವು ಫಲಭಾಗಿ ಮಾತ್ರ. ಕರ್ತವ್ಯಕ್ಕೆ ಹೇಳಿದ ಗಡಿಯನ್ನು ಮಗುವಿನ ಕಾಲಿಗೆ ಕಟ್ಟಿದ ಹಗ್ಗವೆಂದು ಓದುವುದು ಮೀಮಾಂಸೆಗೆ ಒಪ್ಪುವ ಮಾತಲ್ಲ.

ಇಂಗ್ಲೆಂಡಿನಲ್ಲಿ ಕ್ರಮ ಬೇರೆ. ಅಲ್ಲಿ ನದಿಗೆ ನೀರು ಕೂಡಿಬರುವ ಜಲಾನಯನಭೂಮಿಯ ಹೆಸರನ್ನೇ ಶಾಲೆಯ ವ್ಯಾಪ್ತಿಗೂ ಇಟ್ಟಿದ್ದಾರೆ. (ನಮ್ಮ ‘ನೆರೆ’ಗೂ ಪ್ರವಾಹವೆಂಬ ಅರ್ಥವುಂಟಷ್ಟೆ; ಅದು ಕಾಕತಾಳೀಯ.) ಬೇಡಿಕೆ ಹೆಚ್ಚಾದ ಶಾಲೆಯಲ್ಲಿ ಆ ವ್ಯಾಪ್ತಿಯೊಳಗಿನ ಮನೆಯೇ ಪ್ರವೇಶಕ್ಕೆ ಪ್ರಮಾಣವಾಗಬಹುದು. ಒಂದು ಕುಟುಂಬವು ತಾನು ಹೇಳಿದ ಮನೆಯಲ್ಲಿ ನಿಜವಾಗಿ ವಾಸಿಸುತ್ತಿದೆಯೇ ಎಂದು ತಿಳಿಯಲು ಪೂಲ್ ಪಟ್ಟಣದ ಪುರಾಡಳಿತದವರು 2008ರಲ್ಲಿ ಸುಮಾರು ಮೂರು ವಾರಗಳ ಕಾಲ ಗುಪ್ತವಾಗಿ ಬೆನ್ನುಹತ್ತಿದರು. 2010ರಲ್ಲಿ ನ್ಯಾಯಮಂಡಲಿಯು ಇದನ್ನು ಕಾನೂನಿಗೆ ವಿರುದ್ಧವೆಂದು ತೀರ್ಮಾನಿಸಿತು. ಮನೆಯು ಪ್ರಮಾಣವಾದಲ್ಲಿ ಪ್ರಮಾಣದ ಪರೀಕ್ಷೆಯೂ ಮನೆಯ ಬಾಗಿಲಿಗೆ ಬರುತ್ತದೆ.

ನಮ್ಮ ಕಾಯಿದೆಯಲ್ಲಿ ಮನೆ ಬದಲಿಸಿದವರಿಗೆ ಉಪಯುಕ್ತವಾದುದು 5ನೆಯ ಪ್ರಕರಣ. ಯಾವ ಕಾರಣದಿಂದಲೇ ಆಗಲಿ, ರಾಜ್ಯದೊಳಗಾಗಲಿ ಹೊರಗಾಗಲಿ, ಮಗುವು ಶಾಲೆ ಬದಲಿಸಬೇಕಾದರೆ ವರ್ಗಾವಣೆಯನ್ನು ಕೇಳುವ ಅಧಿಕಾರ ಅದಕ್ಕುಂಟು. ಮುಖ್ಯೋಪಾಧ್ಯಾಯರು ವರ್ಗಾವಣೆ ಪತ್ರವನ್ನು ಕೂಡಲೇ ಕೊಡತಕ್ಕದ್ದು. ತಡಮಾಡಿದರೆ ಶಿಸ್ತುಕ್ರಮಕ್ಕೆ ಗುರಿಯಾಗುವರು. ಆ ಪತ್ರ ತಡವಾಗಿ ಬಂದಿತೆಂದು ಹೊಸ ಶಾಲೆಯವರು ಪ್ರವೇಶವನ್ನು ನಿರಾಕರಿಸಕೂಡದು. ‘ಮೊದಲು ಪತ್ರ ತನ್ನಿ’ ಎಂದು ಮಗುವನ್ನು ಹಿಂದಿರುಗಿಸುವವರು ಈ ಮಾತನ್ನು ಓದಿಲ್ಲವೆಂದೇ ತಿಳಿಯಬೇಕು.

ಆದರೆ ಇದೇ ಪ್ರಕರಣದಲ್ಲಿ ಒಂದು ‘ಹೊರತು’ ಇದೆ. ಅನುದಾನರಹಿತ ಖಾಸಗಿ ಶಾಲೆಗಳೂ ಕೇಂದ್ರೀಯ ವಿದ್ಯಾಲಯದಂತಹ ನಿರ್ದಿಷ್ಟ ವರ್ಗದ ಶಾಲೆಗಳೂ ಈ ವರ್ಗಾವಣೆಯ ಅಧಿಕಾರಕ್ಕೆ ಒಳಪಡುವುದಿಲ್ಲ. ಇದರ ಭಾರ ಬೀಳುವುದು ಬಡವರ ಮೇಲೆ. 12ನೆಯ ಪ್ರಕರಣದಂತೆ ಖಾಸಗಿ ಶಾಲೆಯು ನೆರೆಹೊರೆಯ ದುರ್ಬಲವರ್ಗದ ಮಕ್ಕಳಿಗೆ ಕೊನೆಯಪಕ್ಷ ಶೇಕಡಾ 25 ಸ್ಥಾನಗಳನ್ನು ಕೊಡತಕ್ಕದ್ದು. ಆದರೆ ಅದು ಒಂದನೆಯ ತರಗತಿಯಲ್ಲಿ, ಪೂರ್ವಪ್ರಾಥಮಿಕವಿದ್ದಲ್ಲಿ ಅದರ ಆರಂಭದಲ್ಲಿ. ಬಾಡಿಗೆ ಏರಿತೆಂದು ತಂದೆಯು ಊರಿನ ಇನ್ನೊಂದು ತುದಿಗೆ ಮನೆ ಸಾಗಿಸಿದರೆ, ಮೂರನೆಯ ತರಗತಿಯ ಮಗುವು ಹೊಸ ನೆರೆಯ ಖಾಸಗಿ ಶಾಲೆಯಲ್ಲಿ ಅಂತಹ ಸ್ಥಾನವನ್ನು ಹಕ್ಕಿನಿಂದ ಕೇಳಲಾರದು. ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ಹೋಗಬಹುದು. ಇಲ್ಲವೆ ಬಸ್ಸಿನ ವೆಚ್ಚವನ್ನು ಹೊತ್ತು ಹಳೆಯ ಶಾಲೆಯಲ್ಲಿಯೇ ಉಳಿಯಬಹುದು. ಉಳಿಯಲು ಅಡ್ಡಿಯಿಲ್ಲವೆಂದು ನಾನು ಹೇಳುವುದು, 12ನೆಯ ಪ್ರಕರಣದಲ್ಲಿ ‘ವಿದ್ಯಾಭ್ಯಾಸವು ಮುಗಿಯುವವರೆಗೆ’ ಎಂಬರ್ಥದ ಮಾತಿರುವುದರಿಂದ. ವಾಸಸ್ಥಳವನ್ನು ನೋಡತಕ್ಕದ್ದು ಪ್ರವೇಶಕಾಲದಲ್ಲಿ. ಆಮೇಲೆ ಮನೆ ಬದಲಾಯಿತೆಂದು ಸ್ಥಾನವನ್ನು ಕಿತ್ತುಕೊಳ್ಳಲು ಅಲ್ಲಿ ಅಕ್ಷರವಿಲ್ಲ. ಕರ್ಣಾಟಕದಲ್ಲಿ 2018ರ ಕೊನೆಯ ತಿದ್ದುಪಡಿಯಿಂದ ಸಮೀಪದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆಯಿದ್ದಲ್ಲಿ ಖಾಸಗಿ ಶಾಲೆಯು ಈ ಹೊಣೆಯಿಂದ ಹೊರಗಾಯಿತು. 2019ರಲ್ಲಿ ಉಚ್ಚ ನ್ಯಾಯಾಲಯವು ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಆದುದರಿಂದ ಒಮ್ಮೆ ದೊರೆತ ಸ್ಥಾನವನ್ನು ಬಿಟ್ಟವರಿಗೆ ಅದು ಮತ್ತೆ ದೊರೆಯುವುದು ಇನ್ನೂ ದುರ್ಲಭ.

ಆ ‘ಹೊರತು’ ಎಂಬುದನ್ನು ನಿಷೇಧವೆಂದು ತಿಳಿಯುವವರೂ ಉಂಟು. ಶಾಸ್ತ್ರದಲ್ಲಿ ಪರ್ಯುದಾಸ ಬೇರೆ, ಪ್ರತಿಷೇಧ ಬೇರೆ. ‘ಇವನ್ನುಳಿದು ಇತರ ಶಾಲೆಗಳಲ್ಲಿ ಅಧಿಕಾರ’ ಎಂದರೆ ಈ ಶಾಲೆಗಳಲ್ಲಿ ಸೇರಿಸಕೂಡದೆಂದು ಅರ್ಥವಾಗುವುದಿಲ್ಲ. ಖಾಸಗಿ ಶಾಲೆಯವರು ತೆರವಾದ ಸ್ಥಾನಕ್ಕೆ ಅಂತಹ ಮಗುವನ್ನು ಇಚ್ಛೆಯಿಂದ ತೆಗೆದುಕೊಂಡರೆ ಈ ಪ್ರಕರಣವು ತಡೆಯದು.