ರೂಪ ಬದಲಿಸುವ ಬೊಂಬೆಗಳು

ಒಂದು ಪುಟ್ಟ ಲಾರಿಯನ್ನು ಕೈಯಲ್ಲಿ ಹಿಡಿದು, ಅದರಿಂದ ಒಂದು ತುಂಡನ್ನೂ ಕಳಚದೆ, ಹೊರಗಿನಿಂದ ಒಂದು ತುಂಡನ್ನೂ ಸೇರಿಸದೆ, ಅಲ್ಲಲ್ಲಿ ಮಡಿಸಿ, ತಿರುಗಿಸಿ, ಎಳೆದು, ಅದನ್ನೇ ಯಂತ್ರಮಾನವನನ್ನಾಗಿ ಎದ್ದು ನಿಲ್ಲಿಸಬಹುದಾದರೆ ಅಂಥ ಆಟದ ಸಾಮಾನನ್ನು ರೂಪ ಬದಲಿಸುವ ಬೊಂಬೆ ಎನ್ನಬಹುದು. ಅಂಗಡಿಯವರು ಇದನ್ನು ‘ರೋಬೋ ಕಾರು’ ಎನ್ನುತ್ತಾರೆ; ಹುಡುಗರು ‘ಟ್ರಾನ್ಸ್‌ಫಾರ್ಮರ್’ ಎನ್ನುತ್ತಾರೆ. ಈ ಎರಡನೆಯ ಹೆಸರನ್ನು ನಮ್ಮ ಕೊಳಾಲದಲ್ಲಿ ಉಚ್ಚರಿಸಿದರೆ ದೊಡ್ಡವರಿಗೆ ಕಂಬದ ಮೇಲಿನ ವಿದ್ಯುತ್ ಪೆಟ್ಟಿಗೆಯೇ ನೆನಪಾಗಿ, “ಮತ್ತೆ ಸುಟ್ಟುಹೋಯಿತೇನಪ್ಪಾ?” ಎಂದು ಕೇಳುವುದುಂಟು.

ಇಂಥ 17 ಬೊಂಬೆಗಳು ನನ್ನ ಟ್ರಂಕಿನಲ್ಲಿವೆ. ಬಿ.ಎ. ಕೊನೆಯ ವರ್ಷಕ್ಕೆ ಬಂದವನಿಗೆ ಬೊಂಬೆಯ ಹುಚ್ಚೆ ಎಂದು ಗೆಳೆಯರು ನಗುತ್ತಾರೆ. ನಗಲಿ. ನನ್ನನ್ನು ಹಿಡಿದಿಟ್ಟಿರುವುದು ಅವುಗಳ ಬಣ್ಣವಾಗಲಿ, ಅವು ಬರುವ ಸಿನಿಮಾ ಆಗಲಿ ಅಲ್ಲ. ಅವುಗಳೊಳಗಿರುವ ಒಂದು ಕಟ್ಟುನಿಟ್ಟು. ಅದೇನೆಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ನಮ್ಮ ಕಡೆಯ ಹಗಲುವೇಷದವರನ್ನು ನೋಡಿದವರು ನೆನೆಸಿಕೊಳ್ಳಲಿ. ಬಣ್ಣ ಬಳಿದು, ಕಿರೀಟವಿಟ್ಟು, ಗದೆ ಹಿಡಿದರೆ ಭೀಮ. ಸಂಜೆ ಅದೆಲ್ಲವನ್ನೂ ಗಂಟುಕಟ್ಟಿದರೆ ಮತ್ತೆ ನಮ್ಮ ನಿಮ್ಮಂತೆ ಒಬ್ಬ ಮನುಷ್ಯ. ಅಲ್ಲಿ ಇನ್ನೊಂದು ರೂಪವೆಂಬುದು ಹೊರಗಿನಿಂದ ತೊಟ್ಟದ್ದು. ಈ ಬೊಂಬೆಗೆ ಆ ಸೌಲಭ್ಯವಿಲ್ಲ. ಇದರ ಹತ್ತಿರದ ಬಂಧು ಎಂದರೆ ಪುರಾಣ ಓದುವವರ ಮುಂದಿರುವ ವ್ಯಾಸಪೀಠ. ಒಂದೇ ಹಲಗೆಯನ್ನು ಸೀಳಿ, ಮೊಳೆಯಿಲ್ಲದೆ ಒಂದರೊಳಗೊಂದು ಹೆಣೆದ ಕೀಲನ್ನು ಅದರಲ್ಲೇ ಕೆತ್ತಿರುತ್ತಾರೆ. ತೆರೆದರೆ ಗ್ರಂಥಕ್ಕೆ ಪೀಠ, ಮುಚ್ಚಿದರೆ ಬರಿಯ ಹಲಗೆ. ಅಡಿಗೆಮನೆಯ ಮಡಿಸುವ ಈಳಿಗೆಮಣೆಯೂ ಇದೇ ಜಾತಿಯದು. ಯಾವ ಭಾಗವೂ ಕುಳಿತು ಉಣ್ಣುವಂತಿಲ್ಲ. ಎರಡು ರೂಪದಲ್ಲಿಯೂ ಅದಕ್ಕೆ ಕೆಲಸವಿರಬೇಕು. ಬೊಂಬೆ ಒಳ್ಳೆಯದೋ ಅಲ್ಲವೋ ಎಂಬುದನ್ನು ನಾನು ಅಳೆಯುವ ಸೇರು ಇದೊಂದೇ.

ಈಗ ಲಾರಿ ಮನುಷ್ಯನಾಗುವ ಬಗೆಯನ್ನು ನೋಡೋಣ. ಸಾಮಾನ್ಯವಾಗಿ ಲಾರಿಯ ಮುಂಭಾಗ, ಅಂದರೆ ಚಾಲಕ ಕೂರುವ ಕೋಣೆ, ಎದೆಯಾಗುತ್ತದೆ. ಎದುರಿನ ಎರಡು ಗಾಜುಗಳು ಎದೆಯ ಎರಡು ಫಲಕಗಳು. ಹಿಂಭಾಗದ ಚೌಕಟ್ಟು ನಡುವಿನಲ್ಲಿ ಸೀಳಿ, ಹಿಂದಕ್ಕೆ ಚಾಚಿ, ಎರಡು ಕಾಲುಗಳಾಗುತ್ತದೆ. ಪಕ್ಕಗಳು ಕೈಗಳಾಗುತ್ತವೆ. ಚಕ್ರಗಳನ್ನು ಎಲ್ಲಿಯೂ ಬಚ್ಚಿಡಲಾಗುವುದಿಲ್ಲವಾದ್ದರಿಂದ ಅವು ಹೆಗಲಿನಲ್ಲೋ ಮೀನಖಂಡದಲ್ಲೋ ಉಳಿದುಕೊಂಡು ಅಲಂಕಾರವೆಂಬಂತೆ ಕಾಣಬೇಕು. ಎಲ್ಲಕ್ಕಿಂತ ಕಠಿಣವಾದದ್ದು ತಲೆ. ಲಾರಿಗೆ ತಲೆಯಿಲ್ಲ, ಮನುಷ್ಯನಿಗೆ ಅದಿಲ್ಲದೆ ಆಗದು. ಆದ್ದರಿಂದ ಎದೆಯ ಗೂಡನ್ನು ಟೊಳ್ಳು ಮಾಡಿ, ತಲೆಯನ್ನು ಅದರೊಳಗೆ ತಲೆಕೆಳಗಾಗಿ ಮಡಿಸಿಟ್ಟು, ಕೊನೆಯಲ್ಲಿ ಹೊರಕ್ಕೆ ಹೊರಳಿಸುತ್ತಾರೆ.

ಇಷ್ಟಕ್ಕೆ ಬೇಕಾದ ಕೀಲುಗಳು ನಾಲ್ಕೇ ಬಗೆ. ಬಾಗಿಲಿನಂತೆ ಒಂದೇ ದಿಕ್ಕಿಗೆ ಮಡಿಸುವ ಕೀಲು. ನಮ್ಮ ತೋಳಿನ ಬುಡದಲ್ಲಿರುವಂತೆ ಗುಂಡೊಂದು ಬಟ್ಟಲಿನಲ್ಲಿ ಕುಳಿತು ಎತ್ತ ಬೇಕಾದರೂ ತಿರುಗುವ ಕೀಲು. ಮೇಜಿನ ಅರೆಯಂತೆ ಜಾರುವ ಗಾಡಿ. ಕೊನೆಯದಾಗಿ ಗೂಟ ಮತ್ತು ತೂತು. ಈ ಗೂಟವೇ ಬೊಂಬೆಯ ಜೀವ. ತೂತಿಗಿಂತ ಕೂದಲೆಳೆಯಷ್ಟು ದಪ್ಪವಾಗಿದ್ದರೆ ಅದು ಬಿಗಿಯಾಗಿ ನಿಲ್ಲುತ್ತದೆ. ಇನ್ನೊಂದೆಳೆ ದಪ್ಪವಾದರೆ ಸುತ್ತಲಿನ ಪ್ಲಾಸ್ಟಿಕ್ಕು ಮೊದಲು ಬೆಳ್ಳಗಾಗಿ ಆಮೇಲೆ ಸೀಳುತ್ತದೆ. ತೆಳುವಾದರೆ ವೀರನು ನಿಂತಲ್ಲಿಯೇ ಕುಸಿಯುತ್ತಾನೆ. ಸಡಿಲವಾದ ಗುಂಡುಕೀಲಿಗೆ ಉಗುರುಬಣ್ಣವನ್ನು ತೆಳುವಾಗಿ ಬಳಿದು, ಚೆನ್ನಾಗಿ ಒಣಗಿಸಿ ಕೂರಿಸಿದರೆ ಮತ್ತೆ ಬಿಗಿಯಾಗುತ್ತದೆ. ಇದು ನನ್ನ ಅನುಭವ, ಉಗುರುಬಣ್ಣ ಅಕ್ಕನದು.

ಮಡಿಸುವುದಕ್ಕೆ ಒಂದು ಅನುಕ್ರಮವೂ ಇದೆ. ಸೊಂಟವನ್ನು ತಿರುಗಿಸುವುದಕ್ಕೆ ಮೊದಲೇ ಕೈಯನ್ನು ಎಳೆದರೆ ಬಾಗಿಲು ಅಡ್ಡಬರುತ್ತದೆ. ಬಲವಂತ ಮಾಡಿದವರ ಬೊಂಬೆಗಳೆಲ್ಲ ಒಂಟಿತೋಳಿನವು.

ಇವುಗಳ ಹುಟ್ಟೂರು ಜಪಾನ್. ಅಲ್ಲಿನ ಟಕಾರಾ ಕಂಪೆನಿ 1980ರಲ್ಲಿ ‘ಡಯಾಕ್ಲೋನ್’ ಎಂಬ ಬೊಂಬೆಗಳ ಸಾಲನ್ನೂ, 1983ರಲ್ಲಿ ‘ಮೈಕ್ರೋ ಚೇಂಜ್’ ಎಂಬ ಇನ್ನೊಂದನ್ನೂ ಹೊರತಂದಿತು. ಮೊದಲನೆಯದರಲ್ಲಿ ಕಾರು, ಲಾರಿಗಳು ಯಂತ್ರಮಾನವರಾಗುತ್ತಿದ್ದವು. ಎರಡನೆಯದರಲ್ಲಿ ಪಿಸ್ತೂಲು, ಕ್ಯಾಸೆಟ್ ಪ್ಲೇಯರಿನಂಥ ಮನೆಬಳಕೆಯ ಗಾತ್ರದ ವಸ್ತುಗಳು. ಅಮೆರಿಕದ ಹ್ಯಾಸ್‌ಬ್ರೋ ಕಂಪೆನಿ ಎರಡನ್ನೂ ಪಡೆದು ಒಟ್ಟುಗೂಡಿಸಿ 1984ರಲ್ಲಿ ‘ಟ್ರಾನ್ಸ್‌ಫಾರ್ಮರ್ಸ್’ ಎಂಬ ಹೆಸರಿನಲ್ಲಿ ಮಾರಿತು. ಇಲ್ಲೊಂದು ಸ್ವಾರಸ್ಯವಿದೆ. ಡಯಾಕ್ಲೋನ್ ಕಥೆಯಲ್ಲಿ ಈ ಯಂತ್ರಗಳಿಗೆ ಜೀವವಿರಲಿಲ್ಲ. ಬೆರಳಿನ ಗೆಣ್ಣಿಗಿಂತ ದೊಡ್ಡದಲ್ಲದ ಚಾಲಕನೊಬ್ಬ ಒಳಗೆ ಕುಳಿತು ನಡೆಸುತ್ತಿದ್ದ. ಅಮೆರಿಕಕ್ಕೆ ಹೋದಮೇಲೆ ಚಾಲಕನು ಮಾಯವಾಗಿ ಯಂತ್ರಕ್ಕೇ ಜೀವ, ಹೆಸರು, ಸ್ವಭಾವ ಎಲ್ಲವೂ ಬಂದವು. ಬಹುಪಾಲು ಹೆಸರುಗಳನ್ನು ಇಟ್ಟವನು ಮಾರ್ವೆಲ್ ಕಾಮಿಕ್ಸ್‌ನ ಬಾಬ್ ಬುಡಿಯಾನ್ಸ್ಕಿ; ನಾಯಕನಾದ ಕೆಂಪು ಲಾರಿಗೆ ‘ಆಪ್ಟಿಮಸ್ ಪ್ರೈಮ್’ ಎಂದು ಹೆಸರಿಟ್ಟವನು ಡೆನಿಸ್ ಓ’ನೀಲ್. ಅಚ್ಚು ಅದೇ, ಕೀಲುಗಳು ಅವೇ. ಕಥೆ ಮಾತ್ರ ಬೇರೆಯಾಯಿತು.

ಆ ಪ್ರಸಿದ್ಧ ಆಪ್ಟಿಮಸ್ ಪ್ರೈಮ್ ನನ್ನ ಸೇರಿನಲ್ಲಿ ಪೂರ್ತಿಯಾಗಿ ಗೆಲ್ಲುವುದಿಲ್ಲವೆಂದರೆ ಅಭಿಮಾನಿಗಳು ಸಿಟ್ಟಾಗಬಹುದು. ಮೊದಲ ಬೊಂಬೆಯಲ್ಲಿ ಅವನ ಮುಷ್ಟಿಗಳು ದೇಹಕ್ಕೆ ಸೇರಿದವಲ್ಲ, ಬೇರೆ ತಂದು ಸಿಕ್ಕಿಸಬೇಕು. ಹಿಂದಿನ ದೊಡ್ಡ ಟ್ರೈಲರು ಅವನ ಮೈಯ ಭಾಗವೇ ಅಲ್ಲ. ಲಾರಿ ಎದ್ದು ನಿಂತಾಗ ಅದು ಪಕ್ಕದಲ್ಲಿ ಬಿದ್ದಿರುತ್ತದೆ. ಕ್ಯಾಸೆಟ್ ಪ್ಲೇಯರಾಗುವ ಸೌಂಡ್‌ವೇವ್ ಇದಕ್ಕಿಂತ ಜಾಣ. ಅವನ ಎದೆಯ ಮುಚ್ಚಳ ತೆರೆದರೆ ಒಳಗಿನ ಕ್ಯಾಸೆಟ್ಟು ತಾನೂ ಮಡಿಕೆ ಬಿಚ್ಚಿ ಹಕ್ಕಿಯಾಗುತ್ತದೆ!

ಇನ್ನು ನನ್ನ ಟ್ರಂಕಿಗೆ ಬರೋಣ. 17ರಲ್ಲಿ ಕಂಪೆನಿಯ ಮುದ್ರೆಯಿರುವುದು ಒಂದೇ. ತುಮಕೂರಿನಲ್ಲಿ ಕೂಡಿಟ್ಟ ಹಣ ಕೊಟ್ಟು ಕೊಂಡದ್ದು. ಉಳಿದವು ನಕಲುಗಳು: ಮಧುಗಿರಿಯ ದಂಡಿನ ಮಾರಮ್ಮನ ಜಾತ್ರೆ, ಶಿವರಾತ್ರಿಯ ಸಿದ್ಧಗಂಗೆ ಜಾತ್ರೆ, ಗೊರವನಹಳ್ಳಿಯ ಲಕ್ಷ್ಮೀ ದೇವಸ್ಥಾನದ ಮುಂದಿನ ಸಾಲುಗಳಲ್ಲಿ ಚೌಕಾಸಿ ಮಾಡಿ ತಂದವು. ಆರು ಅಂಕಿಗಳು, ನಾಲ್ಕು ಮೊಟ್ಟೆಗಳು, ಆರು ವಾಹನಗಳು, ಒಂದು ಕೈಗಡಿಯಾರ.

ವಾಹನಗಳಲ್ಲಿ ಹಳದಿ ಕಾರು ಎಲ್ಲರಿಗೂ ಪರಿಚಿತ. 2007ರ ಸಿನಿಮಾದಲ್ಲಿ ಬಂಬಲ್‌ಬೀ ಎಂದು ಬಂದವನ ನಕಲು. 1984ರಲ್ಲಿ ಅವನು ಗುಬ್ಬಚ್ಚಿಯಂಥ ಫೋಕ್ಸ್‌ವ್ಯಾಗನ್ ಕಾರಾಗಿದ್ದ. ಸಿನಿಮಾದಲ್ಲಿ ಷೆವ್ರೊಲೆ ಕಮಾರೊ ಆದ. ನನ್ನದರಲ್ಲಿ ಒಂದು ಮೋಸವಿದೆ. ಎದೆಯ ಮೇಲೆ ಕಾಣುವ ಕಾರಿನ ಮೂತಿ ನಿಜವಾದ ಮೂತಿಯಲ್ಲ. ಒಳಗೆ ಅಡಗಿಸಿಟ್ಟ ಇನ್ನೊಂದು ಸುಳ್ಳು ಮೂತಿ. ನಿಜವಾದದ್ದು ಬೆನ್ನಿನ ಮೇಲೆ ಮೂಟೆಯಂತೆ ಜೋತಾಡುತ್ತದೆ. ಅದರ ತಿರುಪು ಬಿಚ್ಚಿ ಹರವಿದ ದಿನವೇ ನನಗೆ ಈ ವಿದ್ಯೆಯ ಒಳಗುಟ್ಟು ತಿಳಿದದ್ದು. ಮುದ್ರೆಯ ಬೊಂಬೆಯನ್ನು ಬಿಚ್ಚಲು ನನಗೆ ಇಂದಿಗೂ ಧೈರ್ಯವಿಲ್ಲ, ಅಗ್ಗದ್ದು ಗುರುವಾಯಿತು.

ಮೊಟ್ಟೆಗಳದ್ದು ಸುಲಭದ ಕೆಲಸ. ದುಂಡನೆಯ ಚಿಪ್ಪಿನೊಳಗೆ ಏನು ಬೇಕಾದರೂ ಮುದುರಿ ಕೂರಬಹುದು; ತೆರೆದಾಗ ಚಿಪ್ಪು ಬೆನ್ನಿನ ಕವಚವಾಗುತ್ತದೆ. ನನಗೆ ಅತ್ಯಂತ ಪ್ರಿಯವಾದವು ಅಂಕಿಗಳು. 5ರ ಅಡ್ಡಗೆರೆ ಕೈಯಾಗಿ, ಹೊಟ್ಟೆ ಕಾಲಾಗಿ, ಐದೆಂಬುದು ಎದ್ದು ನಿಲ್ಲುವುದನ್ನು ನೋಡಬೇಕು. ಬಡಪಾಯಿ 1ಕ್ಕೆ ಇರುವುದು ಒಂದೇ ಕಡ್ಡಿಯಾದ್ದರಿಂದ ಅದು ಯಾವಾಗಲೂ ಕೃಶಾಂಗ.

ಇವುಗಳ ಅಪಾಯವನ್ನು ಹೇಳದೆ ಬಿಡುವುದು ನ್ಯಾಯವಲ್ಲ. ಅಕ್ಕನ ಮಗನಿಗೆ ಎರಡು ವರ್ಷವಾಗಿದ್ದಾಗ ಅವನ ಮಾವನವರ ಕಡೆಯವರೊಬ್ಬರು ಒಂದು ಜಾತ್ರೆಯಲ್ಲಿ ಇಂಥ ಬೊಂಬೆಯನ್ನು ಕೊಂಡು ಕೊಟ್ಟರು. ಅರ್ಧ ಗಂಟೆಯೊಳಗೆ ಅದರ ಮುಷ್ಟಿ ಕಿತ್ತುಬಂದು ಮಗುವಿನ ಗಂಟಲಿಗೆ ಸೇರಿತ್ತು. ಮುಖ ನೀಲಿಗಟ್ಟುತ್ತಿದ್ದ ಮಗುವನ್ನು ನಮ್ಮ ಅಜ್ಜಿ ತೊಡೆಯ ಮೇಲೆ ಬೋರಲು ಹಾಕಿಕೊಂಡು ಬೆನ್ನಿಗೆ ಗುದ್ದಿದರು, ಮುಷ್ಟಿ ಹೊರಬಿತ್ತು. ಆ ಮುಷ್ಟಿ ಹುಣಿಸೆಬೀಜದಷ್ಟೂ ಇರಲಿಲ್ಲ.

ಇದಕ್ಕಾಗಿಯೇ ಪರೀಕ್ಷೆಗಳಿವೆ. ಮೂರು ವರ್ಷದೊಳಗಿನವರ ಆಟಿಕೆಯಲ್ಲಿ ಕಳಚಿಬರುವ ತುಂಡನ್ನು 31.7 ಮಿಲಿಮೀಟರ್ ವ್ಯಾಸದ, ತಳ ಓರೆಯಾಗಿರುವ ಒಂದು ಕೊಳವೆಗೆ ಹಾಕಿ ನೋಡುತ್ತಾರೆ. ಕೊಳವೆ ಮಗುವಿನ ಗಂಟಲಿಗೆ ಪ್ರತಿನಿಧಿ; ತುಂಡು ಅದರಲ್ಲಿ ಪೂರ್ತಿ ಅಡಗಿದರೆ ಆಟಿಕೆ ನಪಾಸು. ನಮ್ಮ ದೇಶದಲ್ಲಿ 14 ವರ್ಷದೊಳಗಿನವರ ಆಟಿಕೆಗಳಿಗೆ ಐ.ಎಸ್.ಐ. ಗುರುತನ್ನು ಕಡ್ಡಾಯಗೊಳಿಸಿದ 2020ರ ಆದೇಶವು 2021ರ ಜನವರಿ 1ರಿಂದ ಜಾರಿಗೆ ಬಂದಿತು. ಆಮದು ಸುಂಕವನ್ನು 2020ರಲ್ಲಿ ನೂರಕ್ಕೆ 20ರಿಂದ 60ಕ್ಕೂ, 2023ರಲ್ಲಿ 70ಕ್ಕೂ ಏರಿಸಿದರು. ಸರ್ಕಾರದ ಲೆಕ್ಕದಂತೆ 2018-19ರಲ್ಲಿ 2,960 ಕೋಟಿ ರೂಪಾಯಿಗಳಿದ್ದ ಆಟಿಕೆಗಳ ಆಮದು 2021-22ರಲ್ಲಿ 870 ಕೋಟಿಗೆ ಇಳಿಯಿತು. ನನ್ನಂಥ ಸಂಗ್ರಾಹಕನಿಗೆ ಇದು ನಷ್ಟವೆನಿಸಬೇಕು. ನೀಲಿಗಟ್ಟಿದ ಆ ಮುಖವನ್ನು ಕಂಡಮೇಲೆ ಹಾಗೆ ಅನ್ನಿಸುವುದಿಲ್ಲ.

“ಚನ್ನಪಟ್ಟಣದ ಬೊಂಬೆಯಿರುವಾಗ ಈ ಪರದೇಶಿ ಪ್ಲಾಸ್ಟಿಕ್ಕೇಕೆ?” ಎಂದು ಕೇಳುವ ಹಿರಿಯರಿದ್ದಾರೆ. ಪ್ರಶ್ನೆ ಸಾಧುವಾದದ್ದೇ. ಚನ್ನಪಟ್ಟಣದಲ್ಲಿ ಆಲೆಮರವನ್ನು ಲೇತಿನಲ್ಲಿ ಕಡೆದು, ಮರ ತಿರುಗುತ್ತಿರುವಾಗಲೇ ಬಣ್ಣದ ಅರಗನ್ನು ಒತ್ತಿ ಹಿಡಿಯುತ್ತಾರೆ. ಉಜ್ಜಿದ ಶಾಖಕ್ಕೆ ಅರಗು ಕರಗಿ ಮೈಗೆ ಹತ್ತುತ್ತದೆ. ಮಗು ಬಾಯಿಗಿಟ್ಟುಕೊಳ್ಳಲು ಅದಕ್ಕಿಂತ ಒಳ್ಳೆಯ ಬೊಂಬೆಯಿಲ್ಲ. ಆದರೆ ಲೇತಿನಿಂದ ಬರುವುದು ದುಂಡು. ಮಡಿಕೆಗೆ ಬೇಕಾದದ್ದು ಚಪ್ಪಟೆ. ಮೇಲಾಗಿ ಮರ ಮಳೆಗಾಲದಲ್ಲಿ ಉಬ್ಬಿ ಬೇಸಗೆಯಲ್ಲಿ ಕುಗ್ಗುವುದರಿಂದ ಕೂದಲೆಳೆಯ ಲೆಕ್ಕದ ಗೂಟ ಅದರಲ್ಲಿ ನಿಲ್ಲಲಾರದು. ಹಾಗಾಗಿ ಇವೆರಡೂ ಒಂದರ ಜಾಗಕ್ಕೆ ಇನ್ನೊಂದು ಬರುವಂಥವಲ್ಲ. ಮರದ ಬೊಂಬೆಗೆ ಹೆಸರಾದ ಕಿನ್ನಾಳವಿರುವ ಕೊಪ್ಪಳ ಜಿಲ್ಲೆಯ ಭಾನಾಪುರದಲ್ಲಿಯೇ 2021ರ ಜನವರಿಯಲ್ಲಿ ಯಂತ್ರದ ಆಟಿಕೆಗಳ ಕೈಗಾರಿಕಾ ಸಮುಚ್ಚಯಕ್ಕೆ ಶಂಕುಸ್ಥಾಪನೆಯಾಯಿತು. ಎರಡು ಬಗೆಯವರೂ ಒಬ್ಬರ ಕೆಲಸವನ್ನು ಇನ್ನೊಬ್ಬರು ಹೋಗಿ ನೋಡಬಹುದಾದಷ್ಟು ಹತ್ತಿರ.

2021ರಲ್ಲಿ ಬಾಯಿಮಾತಿನಿಂದಲೇ ರೂಪ ಬದಲಿಸುವ ಆಪ್ಟಿಮಸ್ ಪ್ರೈಮ್ ಕೂಡ ಮಾರಾಟಕ್ಕೆ ಬಂದಿತು. ಒಳಗೆ 27 ಮೋಟಾರುಗಳು. ಯಾರಾದರೂ ಉಚಿತವಾಗಿ ಕೊಟ್ಟರೆ ಬೇಡವೆನ್ನುವುದಿಲ್ಲ. ಆದರೆ ಬೆರಳಿಗೆ ಕೆಲಸವಿಲ್ಲದ ಮೇಲೆ ಅದು ನೋಡುವ ವಸ್ತುವಾಯಿತೇ ಹೊರತು ಆಡುವ ವಸ್ತುವಲ್ಲ.

ನಾನೀಗ ತೊಡಗಿರುವುದು ಕನ್ನಡ ಅಂಕಿಗಳಲ್ಲಿ. ಜಾತ್ರೆಯ ಅಂಕಿಗಳೆಲ್ಲ ಇಂಗ್ಲಿಷಿನವು. 4, 7ರಂಥವುಗಳಲ್ಲಿ ನೇರ ಗೆರೆಗಳೂ ಮೂಲೆಗಳೂ ಇರುವುದರಿಂದ ಕೀಲಿಗೆ ಜಾಗ ತಾನಾಗಿ ಸಿಗುತ್ತದೆ. ನಮ್ಮ ಅಂಕಿಗಳು ಬಳುಕಿನವು, ಮೂಲೆಯೇ ಇಲ್ಲ. ೪ ಮಾತ್ರ ಏನನ್ನೂ ಮಡಿಸದೆಯೇ ಕೊಂಬಿನ ಹಸುವಿನ ಮುಖದಂತಿದೆ. ೨ರ ಬಗ್ಗೆ ನಮ್ಮೂರ ಬಡಗಿ ಆಚಾರ್ಯರನ್ನು ಕೇಳಿದೆ. “ಬಾಗಿದ್ದಕ್ಕೆ ಕೀಲು ಕೂರಬೇಕಾದರೆ ಮೊದಲು ಅದನ್ನು ಮೂರು ತುಂಡು ಮಾಡ್ಕೊಳ್ಳಪ್ಪಾ” ಎಂದರು. ಮೂರು ತುಂಡಿನ ೨ ಈಗ ರಟ್ಟಿನಲ್ಲಿ ಸಿದ್ಧವಾಗಿದೆ. ಬಾಲವನ್ನು ಮೇಲಕ್ಕೆ ತಿರುಗಿಸಿದರೆ ನವಿಲಿನಂತೆಯೇ ಕಾಣುತ್ತದೆ. ಆದರೆ ನಿಲ್ಲಿಸಿದ ಕೂಡಲೇ ಮುಂದಕ್ಕೆ ಮುಗ್ಗರಿಸುತ್ತದೆ. ಕಾಲೊಂದನ್ನು ಅಂಟಿಸಿಬಿಡು ಎಂದು ಅಕ್ಕನ ಸಲಹೆ. ಹೊರಗಿನಿಂದ ಏನನ್ನೂ ಸೇರಿಸುವಂತಿಲ್ಲವಲ್ಲ. ಕಾಲು ಆ ೨ರೊಳಗಿನಿಂದಲೇ ಬರಬೇಕು.