ಅಂತರಗಂಗೆಯ ಗುಹೆಗಳೂ ಕಲ್ಲಿನ ಭಯವೂ

ಕೋಲಾರ ಪಟ್ಟಣದ ಪಶ್ಚಿಮಕ್ಕೆ ನಿಂತಿರುವ ಶತಶೃಂಗ ಪರ್ವತವನ್ನು ನೋಡದ ವಿದ್ಯಾರ್ಥಿ ನಮ್ಮಲ್ಲಿ ಯಾರೂ ಇರಲಾರರು. ಅಂತರಗಂಗೆಯಲ್ಲಿ ಕಲ್ಲಿನ ಬಸವನ ಬಾಯಿಂದ ಬೀಳುವ ನೀರನ್ನು ಕುಡಿದು, ಕಾಶಿ ವಿಶ್ವೇಶ್ವರನಿಗೆ ಕೈಮುಗಿದು, ಮೇಲಿನ ಗುಹೆಗಳನ್ನು ಹೊಕ್ಕು ಬರುವುದು ರಜೆಯ ದಿನಗಳ ವಿನೋದ. ನಾನೂ ಹಲವು ಬಾರಿ ಹೋಗಿದ್ದೇನೆ. ಆದರೆ ಆ ಗುಹೆಗಳು ಹೇಗಾದುವೆಂದು ತಿಳಿದು ಹೊಕ್ಕವರು ವಿರಳ. ಅದನ್ನರಿತರೆ ಅಲ್ಲಿಯ ಅಪಾಯವೂ, ಅದಕ್ಕೆ ತಕ್ಕ ಎಚ್ಚರಿಕೆಯೂ ತಾವಾಗಿಯೇ ತಿಳಿಯುವುವು.

ಆಂಧ್ರದ ಬೆಲಂ ಗುಹೆಗಳನ್ನು ನೀರು ಸುಣ್ಣಕಲ್ಲನ್ನು ಕರಗಿಸಿ ಕೊರೆದಿದೆ. ನಮ್ಮದು ಕಗ್ಗಲ್ಲಿನ ಸೀಮೆ. ಈ ಕಲ್ಲು ಹಾಗೆ ಕರಗದು. ಬಿಸಿಲು, ಮಳೆ, ಮರದ ಬೇರು ಇವುಗಳಿಂದ ಬಂಡೆಯು ಬಿರುಕಿದ್ದಲ್ಲಿ ಸೀಳುತ್ತದೆ, ಮೂಲೆ ಸವೆದು ಗುಂಡಾಗುತ್ತದೆ, ಕಾಲಾಂತರದಲ್ಲಿ ಉರುಳಿ ಇನ್ನೊಂದರ ಮೇಲೆ ಕೂರುತ್ತದೆ. ಇಂಥ ಗುಂಡುಗಳ ನಡುವೆ ಉಳಿದ ಸಂದುಗಳೇ ಅಂತರಗಂಗೆಯ ಗುಹೆಗಳು. ಎಂದರೆ, ಕಲ್ಲು ಬಿದ್ದುದರಿಂದಲೇ ಹುಟ್ಟಿದ ಗುಹೆಗಳಿವು. ತಲೆಯ ಮೇಲಿನ ಆನೆಯಂಥ ಬಂಡೆಯನ್ನು ಕಂಡು ನಾವು ಹೆದರುತ್ತೇವೆ. ಆದರೆ ಹೆಚ್ಚು ಹೆದರಬೇಕಾದುದು ಸಂದಿನಲ್ಲಿ ಸಿಕ್ಕಿಕೊಂಡಿರುವ ತೆಂಗಿನಕಾಯಿ ಗಾತ್ರದ ಕಲ್ಲಿಗೆ.

ನಮ್ಮ ಜಿಲ್ಲೆಯ ಚಿನ್ನದ ಗಣಿಗಳಲ್ಲಿ, 2001ರಲ್ಲಿ ಅವು ಮುಚ್ಚುವವರೆಗೆ, ಮೂರು ಕಿಲೋಮೀಟರಿಗೂ ಮಿಕ್ಕ ಆಳದಲ್ಲಿ ಬಂಡೆಯು ಒತ್ತಡ ತಾಳಲಾರದೆ ಸಿಡಿಯುತ್ತಿದ್ದುದುಂಟು. ಬೆಟ್ಟದ ಗುಹೆಯಲ್ಲಿ ಅಂಥ ಒತ್ತಡವಿಲ್ಲ. ಇಲ್ಲಿ ಕಲ್ಲನ್ನು ಕದಲಿಸುವುದು ಬಹುಮಟ್ಟಿಗೆ ಮೇಲೆ ಹತ್ತುತ್ತಿರುವ ನಮ್ಮವರದೇ ಕೈ ಅಥವಾ ಕಾಲು. ಕೆಲವೊಮ್ಮೆ ಕೋತಿ, ಕೆಲವೊಮ್ಮೆ ಮಳೆನೀರು. 10 ಮೀಟರು ಎತ್ತರದಿಂದ ಬಿದ್ದ ಕಲ್ಲು ಒಂದೂವರೆ ಸೆಕೆಂಡಿನೊಳಗೆ ನೆಲ ಮುಟ್ಟುತ್ತದೆ. ಆಗ ಅದರ ವೇಗ ಗಂಟೆಗೆ ಸುಮಾರು 50 ಕಿಲೋಮೀಟರು. ಕಂಡ ಮೇಲೆ ಓಡುತ್ತೇನೆಂದರೆ ಇಕ್ಕಟ್ಟಿನಲ್ಲಿ ಜಾಗವೂ ಇಲ್ಲ, ಸಮಯವೂ ಇಲ್ಲ.

ಆದುದರಿಂದ ಮುಂಜಾಗ್ರತೆಯೇ ಮುಖ್ಯ. ಒಬ್ಬನು ಹತ್ತುವಾಗ ಅವನ ನೇರ ಕೆಳಗೆ ಯಾರೂ ನಿಲ್ಲಬಾರದು. ಅವನು ಮೇಲೆ ತಲುಪಿ ಕೂಗಿದ ಬಳಿಕವೇ ಮುಂದಿನವನು ಹೊರಡಬೇಕು. ಎರಡು ಕೈ, ಎರಡು ಕಾಲುಗಳಲ್ಲಿ ಮೂರು ಸದಾ ಬಂಡೆಯ ಮೇಲಿರಲಿ. ಹಿಡಿಯುವ ಕಲ್ಲನ್ನು ಮೊದಲು ಅಂಗೈಯಿಂದ ತಟ್ಟಿ ನೋಡಬೇಕು. ಡಬ್ಬೆಂದು ಟೊಳ್ಳು ಸದ್ದು ಬಂದರೆ, ಇಲ್ಲವೆ ಅಲುಗಿದರೆ, ಅದರ ಮೇಲೆ ಭಾರ ಬಿಡಬಾರದು, ಕಿತ್ತು ನೋಡಲೂಬಾರದು. ಕಲ್ಲು ಜಾರಿದರೆ ‘ಕಲ್ಲು!’ ಎಂದು ಗಟ್ಟಿಯಾಗಿ ಕೂಗಬೇಕು. ಕೆಳಗಿನವರು ತಲೆಯೆತ್ತದೆ ಗೋಡೆಗೆ ಒತ್ತಿ ನಿಲ್ಲಬೇಕು. ಹೆಲ್ಮೆಟ್ಟೂ, ಒಬ್ಬೊಬ್ಬರಿಗೆ ಒಂದೊಂದು ಟಾರ್ಚೂ ಇರಲಿ. ಮಳೆಯಾದಾಗ ಸಂದಿನ ಕಲ್ಲನ್ನು ಹಿಡಿದಿದ್ದ ಮಣ್ಣು ಸಡಿಲುತ್ತದೆ. ಆ ದಿನ ಗುಹೆಯ ಆಸೆ ಬಿಡುವುದೇ ಲೇಸು. ತಲೆಗೆ, ಬೆನ್ನಿಗೆ ಪೆಟ್ಟಾದವನನ್ನು ಎಳೆದಾಡಬಾರದು. ಗುಹೆಯೊಳಗೆ ಫೋನು ನಂಬಿಕೆಗೆ ತಕ್ಕುದಲ್ಲ. ಒಬ್ಬನು ಅವನ ಬಳಿಯಿದ್ದು, ಇಬ್ಬರು ಹೊರಬಂದು 112ಕ್ಕೆ ಕರೆಮಾಡಬೇಕು.

ಮುಳಬಾಗಿಲಿನ ಆವಣಿ ಬೆಟ್ಟಕ್ಕೂ ಮಾಲೂರಿನ ಟೇಕಲ್ ಗುಂಡುಗಳಿಗೂ ಇದೇ ಮಾತು ಸಲ್ಲುವುದು. ಗುಹೆಯಲ್ಲಿ ಮುಂದೆ ಹೋಗುವವನು ಧೈರ್ಯಶಾಲಿಯೆಂದು ನಾವು ಹೊಗಳುತ್ತೇವೆ. ಹಿಂದೆ ಬರುವವನ ತಲೆ ತನ್ನ ಕಾಲ ಕೆಳಗಿದೆಯೆಂಬುದನ್ನು ಮರೆಯದೆ ಹೆಜ್ಜೆಯಿಡುವವನೇ ನಿಜವಾದ ಧೈರ್ಯಶಾಲಿ.