ಎಟಿವಿ ಚಕ್ರಗಳ ಆಯ್ಕೆ: ಗಾತ್ರಕ್ಕಿಂತ ಹೊಂದಾಣಿಕೆ ಮುಖ್ಯ

ಮಲೆನಾಡಿನ ರೆಸಾರ್ಟುಗಳಲ್ಲಿ ಬಳಕೆಯಲ್ಲಿರುವ ಎಟಿವಿಗಳಿಗೆ ಹೊಸ ಚಕ್ರಗಳನ್ನು ಕೊಳ್ಳುವಾಗ ಮಾಲೀಕರ ಒಲವು ಸಾಮಾನ್ಯವಾಗಿ ದೊಡ್ಡ ಟೈರುಗಳತ್ತ ವಾಲುತ್ತದೆ. ಆಯ್ಕೆ ತಪ್ಪಿದಲ್ಲಿ ಟೈರಿನ ಬೆಲೆಯೊಂದಿಗೆ ಬೆಲ್ಟು, ಆಕ್ಸಲ್‌ಗಳ ದುರಸ್ತಿ ವೆಚ್ಚವನ್ನೂ ಭರಿಸಬೇಕಾಗಬಹುದು.

ಟೈರಿನ ಮೇಲೆ 25x8-12 ಎಂದಿದ್ದರೆ ಹೊರವ್ಯಾಸ 25 ಅಂಗುಲ, ಅಗಲ 8 ಅಂಗುಲ, ರಿಮ್ಮಿನ ವ್ಯಾಸ 12 ಅಂಗುಲ ಎಂದರ್ಥ. ರಿಮ್ಮಿನ ವಿಷಯದಲ್ಲಿ ಬೋಲ್ಟುಗಳ ಅಂತರವೇ ನಿರ್ಣಾಯಕ. 4/110 ಎಂಬುದು 110 ಮಿ.ಮೀ. ವ್ಯಾಸದ ವೃತ್ತದಲ್ಲಿ ನಾಲ್ಕು ಬೋಲ್ಟುಗಳಿರುವುದನ್ನು ಸೂಚಿಸುತ್ತದೆ. ಪೋಲಾರಿಸ್‌ನ ಅನೇಕ ಮಾದರಿಗಳಿಗೆ 4/156, ಕ್ಯಾನ್-ಆಮ್‌ನ ಅನೇಕ ಮಾದರಿಗಳಿಗೆ 4/137 ರಿಮ್ಮುಗಳೇ ಬೇಕು; ಒಂದರದು ಇನ್ನೊಂದಕ್ಕೆ ಒಗ್ಗದು.

25 ಅಂಗುಲದ ಬದಲು 27 ಅಂಗುಲದ ಟೈರು ಅಳವಡಿಸಿದರೆ ವಾಹನದ ತಳ ನೆಲದಿಂದ ಮೇಲೇರುವುದು ಕೇವಲ ಒಂದು ಅಂಗುಲ. ಆದರೆ ಚಕ್ರದ ಸುತ್ತಳತೆ ಶೇ. 8ರಷ್ಟು ಹೆಚ್ಚಿ, ನೆಲದ ಮೇಲಿನ ಎಳೆತದ ಬಲ ಸುಮಾರು ಶೇ. 7ರಷ್ಟು ಕುಗ್ಗುತ್ತದೆ. ಏರಿನಲ್ಲಿ ಬೆಲ್ಟಿನ ಮೇಲೆ ಹೊರೆ ಬೀಳುವುದು ಇದರಿಂದಲೇ. ಮಳೆಗಾಲದ ಕೆಸರಿಗೆ ಯೋಗ್ಯವಾದ ಆಳದ ಬಟನ್ ಟೈರು ಬೇಸಿಗೆಯ ಗಟ್ಟಿ ನೆಲದಲ್ಲಿ ಅದುರುತ್ತದೆ, ಬೇಗ ಸವೆಯುತ್ತದೆ.

ಆದುದರಿಂದ ವಾಹನದ ಮಾದರಿ, ಹೊರುವ ಭಾರ, ಓಡುವ ನೆಲ ಇವುಗಳನ್ನು ವಿಚಾರಿಸಿದ ನಂತರವೇ ಸರಕು ತೋರಿಸುವ ವರ್ತಕರು ಗ್ರಾಹಕರ ಹಣವನ್ನೂ ತಮ್ಮ ವಿಶ್ವಾಸಾರ್ಹತೆಯನ್ನೂ ಏಕಕಾಲದಲ್ಲಿ ಉಳಿಸಿಕೊಳ್ಳಬಲ್ಲರು.